ಖಾಲಿ ಗ್ಯಾಲರಿಯಲ್ಲಿ ತವರಿನ ಬಲ

ಪ್ರಶ್ನೆ: ಕೋವಿಡ್ ಕಾಲದಲ್ಲಿ ಪ್ರೇಕ್ಷಕರಿಲ್ಲದೆ ಫುಟ್‌ಬಾಲ್ ನಡೆದಾಗ ತವರು ತಂಡಗಳಿಗೆ ಹೊಡೆತ ಬಿತ್ತೇ?

ಉತ್ತರ: ಬಿತ್ತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ 2020-21ರ ಲೆಕ್ಕ ನೋಡಿ. 380 ಪಂದ್ಯಗಳಲ್ಲಿ ತವರು ತಂಡ ಗೆದ್ದದ್ದು 144, ಹೊರಗಿನಿಂದ ಬಂದವರು ಗೆದ್ದದ್ದು 153. ಉಳಿದ 83 ಡ್ರಾ. ಹಿಂದಿನ ವರ್ಷ ಇದೇ ಲೆಕ್ಕ 172–116 ಇತ್ತು. ತನ್ನ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ಸತತ 68 ಲೀಗ್ ಪಂದ್ಯ ಸೋಲದಿದ್ದ ಲಿವರ್‌ಪೂಲ್, 2021ರಲ್ಲಿ ಅಲ್ಲೇ ಸಾಲಾಗಿ 6 ಸೋತಿತು (ಗಾಯಾಳುಗಳ ಪಟ್ಟಿಯೂ ಉದ್ದವಿತ್ತೆನ್ನಿ).

ಕಾರಣವನ್ನು ಆಟಗಾರರ ಹುರುಪಿನಲ್ಲಷ್ಟೇ ಹುಡುಕಬೇಡಿ, ರೆಫರಿಯ ಕಿವಿಯಲ್ಲೂ ಹುಡುಕಿ. ಟ್ಯಾಕಲ್ (ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಯತ್ನ) ಆದೊಡನೆ ಸಾವಿರಾರು ಜನ ಅಬ್ಬರಿಸಿದರೆ ಅನುಮಾನದ ಫೌಲಿಗೂ ಹಳದಿ ಕಾರ್ಡ್ ಹೊರಬರುತ್ತದೆ. ಗ್ಯಾಲರಿ ಖಾಲಿಯಾದಾಗ ಪ್ರವಾಸಿ ತಂಡಕ್ಕೆ ಬೀಳುತ್ತಿದ್ದ ಹೆಚ್ಚುವರಿ ಕಾರ್ಡುಗಳು ಇಳಿದವು. ಪ್ರಯಾಣದ ದಣಿವು, ಮೈದಾನದ ಪರಿಚಯ ಎಂದಿನಂತೆಯೇ ಇದ್ದವು.