ನೀರು ಕೊಡದವನ ಹರಕೆ

ಮಳೆಗಾಲ ಮುಗಿಯುತ್ತಿದ್ದಂತೆ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬರುವವರಲ್ಲಿ ಒಂದು ಬಗೆಯ ಕುಟುಂಬ ಇದ್ದೇ ಇರುತ್ತದೆ. ಮನೆಯ ಯಜಮಾನ ಅಗ್ನಿಶಾಮಕ ಠಾಣೆಯಲ್ಲೋ, 108 ಆಂಬುಲೆನ್ಸಿನಲ್ಲೋ, ಪೊಲೀಸ್ ಕೆಲಸದಲ್ಲೋ ಇರುವವನು, ಇಲ್ಲವೇ ಮಿಲಿಟರಿಯಿಂದ ನಿವೃತ್ತನಾಗಿ ಊರಿಗೆ ಬಂದವನು. ನಿದ್ದೆ ಇಲ್ಲ, ಮಾತೆತ್ತಿದರೆ ಸಿಟ್ಟು, ಸಂಜೆಯಾದರೆ ಕುಡಿತ. ಅಷ್ಟರಲ್ಲಾಗಲೇ ಎರಡು ಮೂರು ಕಡೆ ನಿಮಿತ್ತ ಕೇಳಿಸಿ, ತಾಯತ ಕಟ್ಟಿಸಿ ಆಗಿರುತ್ತದೆ. ಒಂದು ಕಡೆ ಶಿರಾಡಿ, ಇನ್ನೊಂದು ಕಡೆ ಚಾರ್ಮಾಡಿ. ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಈ ಕೆಲಸದವರ ಕಣ್ಣಿಗೆ ಕಾಣಬಾರದ್ದು ಬೀಳುವುದು ತಪ್ಪಿದ್ದಲ್ಲ. ಅಂಥ ಮನೆಯವರು ಓದಲಿ ಎಂದು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಅವರನ್ನು ಲೋಕೇಶ ಎನ್ನೋಣ. ನಲವತ್ತರ ಆಸುಪಾಸು, ಅಗ್ನಿಶಾಮಕ ಸಿಬ್ಬಂದಿ. ಮಳೆ ಹಿಡಿದ ಒಂದು ರಾತ್ರಿ ಘಾಟಿಯಲ್ಲಿ ಲಾರಿಯೊಂದು ಧರೆಗೆ ಗುದ್ದಿತ್ತು. ಕ್ಲೀನರ್ ಹುಡುಗ ಕ್ಯಾಬಿನ್ನಿನಲ್ಲಿ ಸಿಕ್ಕಿಕೊಂಡಿದ್ದ. ಉಳಿದವರು ಹೈಡ್ರಾಲಿಕ್ ಕಟರ್ ಹಿಡಿದು ತಗಡು ಕತ್ತರಿಸುತ್ತಿದ್ದರೆ, ಹುಡುಗನ ತಲೆ ಹಿಡಿದು ಮಾತಾಡಿಸುತ್ತಿರುವ ಕೆಲಸ ಲೋಕೇಶರದು. ಹುಡುಗ ಕೇಳುತ್ತಿದ್ದುದು ಒಂದೇ: "ನೀರು ಕೊಡಣ್ಣಾ." ಇವರು ಕೊಡಲಿಲ್ಲ. ಹೊರಗೆ ತೆಗೆಯುವಷ್ಟರಲ್ಲಿ ಹುಡುಗ ಹೋಗಿಬಿಟ್ಟಿದ್ದ.

ಕೊಡದಿದ್ದುದು ತಪ್ಪಲ್ಲ. ತೀವ್ರವಾಗಿ ಗಾಯಗೊಂಡವರಿಗೆ, ಅದರಲ್ಲೂ ಹೊಟ್ಟೆಗೆ ಪೆಟ್ಟಾದವರಿಗೆ, ಬಾಯಿಗೆ ಏನೂ ಕೊಡಬಾರದು ಎಂದೇ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕಲಿಸುತ್ತಾರೆ. ಪ್ರಜ್ಞೆ ಮಸುಕಾದವರಿಗೆ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಆಪರೇಷನ್ನಿಗೆ ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಜೀವಕ್ಕೇ ಕುತ್ತಾಗಬಹುದು. ಇದೆಲ್ಲ ಲೋಕೇಶರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಸಾಯುವವರ ಬಾಯಿಗೆ ನೀರು ಬಿಡುವುದು ದೊಡ್ಡ ಪುಣ್ಯವೆಂದು ನಂಬಿದ ಮನೆಯಲ್ಲಿ ಹುಟ್ಟಿದವರು ಅವರು. ಆ ಹುಡುಗ ಕನಸಿಗೆ ಬರತೊಡಗಿದ. ಮನೆಯಲ್ಲಿ ಯಾರಾದರೂ ಲೋಟ ಕುಕ್ಕಿದರೆ ಮೈ ನಡುಗುತ್ತಿತ್ತು.

ಮನೋವೈದ್ಯರು ಮಾತ್ರೆ ಶುರುಮಾಡಿದ್ದರು. ಅಷ್ಟರಲ್ಲಿ ಸಂಬಂಧಿಕರೊಬ್ಬರು ನಿಮಿತ್ತ ಹೇಳುವವರ ಹತ್ತಿರ ಕರೆದುಕೊಂಡು ಹೋದರು. "ಬಾಯಾರಿದ ಜೀವ ಬೆನ್ನಿಗೆ ಬಿದ್ದಿದೆ, ಶಾಂತಿ ಮಾಡಿಸಬೇಕು, ಅಲ್ಲಿವರೆಗೆ ಇಂಗ್ಲಿಷ್ ಮಾತ್ರೆ ಮುಟ್ಟಬಾರದು" ಎಂದಾಯಿತು. ಲೋಕೇಶ ಮಾತ್ರೆ ಬಿಟ್ಟರು. ನಾಲ್ಕಾರು ದಿನದಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು, ಇನ್ನೂ ಕೆಟ್ಟ ಕನಸುಗಳು. ಗಾಳಿಯ ಕಾಟ ಜಾಸ್ತಿಯಾಯಿತೆಂದು ಮನೆಯವರು ಸಾಲ ಮಾಡಲು ಹೊರಟರು. ಈ ಜಾಗದಲ್ಲಿ ಓದುಗರು ಸ್ವಲ್ಪ ನಿಲ್ಲಬೇಕು. ಖಿನ್ನತೆಗೂ ಆಘಾತಕ್ಕೂ ಕೊಡುವ ಈ ಬಗೆಯ ಎಷ್ಟೋ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಹೀಗೆ ಆಗಬಹುದು. ಅದು ಗಾಳಿಯಲ್ಲ, ಮಾತ್ರೆ ತಟ್ಟನೆ ಬಿಟ್ಟಿದ್ದರ ಪರಿಣಾಮ. ಇವು ನುಂಗಿದ ರಾತ್ರಿಯೇ ಕೆಲಸ ಮಾಡುವ ನಿದ್ದೆಮಾತ್ರೆಗಳೂ ಅಲ್ಲ, ಗುಣ ಕಾಣಲು ವಾರಗಟ್ಟಲೆ ಬೇಕು. ಆ ವಾರಗಳಲ್ಲೇ ಎಷ್ಟೋ ಜನ ಕೈಬಿಡುತ್ತಾರೆ.

ಲೋಕೇಶ ಮತ್ತೆ ವೈದ್ಯರ ಬಳಿ ಹೋಗಿ ಮಾತ್ರೆ ಶುರುಮಾಡಿದರು, ನನ್ನ ಜೊತೆ ಮಾತುಕತೆಯೂ ನಡೆಯಿತು. "ನಿಮ್ಮ ತಪ್ಪಿಲ್ಲ" ಎಂದರೆ "ಹೌದು ಮೇಡಂ" ಎನ್ನುವರು. ಅಷ್ಟೇ. ಅದು ಒಳಗಿಳಿಯುತ್ತಿಲ್ಲವೆಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಆಗ ಇಬ್ಬರ ಒಪ್ಪಿಗೆಯನ್ನೂ ಕೇಳಿ ಒಬ್ಬ ನಿವೃತ್ತ ಹವಾಲ್ದಾರರನ್ನು ಕರೆಸಿದೆ. ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದು, ಗಡಿಯಲ್ಲಿ ಗಾಯಾಳುಗಳನ್ನು ನೋಡಿಕೊಂಡವರು. ತಮ್ಮ ಕಷ್ಟಕ್ಕೆ ಚಿಕಿತ್ಸೆ ಪಡೆದು ಈಗ ನೆಮ್ಮದಿಯಾಗಿದ್ದಾರೆ.

ಲೋಕೇಶ ಎಂದಿನಂತೆ ಚುಟುಕಾಗಿ ಹೇಳಿ ಮುಗಿಸಿದರು. ಹವಾಲ್ದಾರರು ಸಮಾಧಾನದ ಮಾತು ಆಡಲೇ ಇಲ್ಲ. ಕಾಫಿ ಲೋಟ ಕೆಳಗಿಟ್ಟು ಕೇಳಿದರು:

"ತುಟಿ ಒದ್ದೆ ಮಾಡಿದ್ಯೇನೋ?"

ಲೋಕೇಶ ತಲೆ ಎತ್ತಿದರು. "ಮಾಡ್ದೆ ಅಣ್ಣ. ಮಳೇಲಿ ನೆಂದ ಕರ್ಚೀಫಿತ್ತು. ಅದ್ರಲ್ಲೇ ಒರಸ್ತಾ ಇದ್ದೆ."

"ಹೀರ್ದ್ನಾ?"

"ಹ್ಞೂಂ. ಕರ್ಚೀಫು ಬಿಡ್ತಾನೇ ಇರ್ಲಿಲ್ಲ."

ತುಸು ಹೊತ್ತು ಬಿಟ್ಟು ಹವಾಲ್ದಾರರೆಂದರು: "ನಾನೂ ಅಷ್ಟೇ ಕಣೋ ಮಾಡಿದ್ದು. ಇಬ್ರು ಕೇಳಿದ್ರು, ಇಬ್ರಿಗೂ ಕೊಡ್ಲಿಲ್ಲ. ಒಬ್ಬ ಬದುಕಿದ, ಈಗ್ಲೂ ಫೋನ್ ಮಾಡ್ತಾನೆ. ಇನ್ನೊಬ್ಬ ಹೋದ."

ಲೋಕೇಶ ಅತ್ತರು. ನನ್ನೆದುರು ಅತ್ತದ್ದು ಅದೇ ಮೊದಲು. ಕರ್ಚೀಫಿನ ಸಂಗತಿಯನ್ನು ಅವರು ಹೆಂಡತಿಗೂ ಹೇಳಿರಲಿಲ್ಲ, ಅವರಿಗೇ ಅದು ಮರೆತಂತಾಗಿತ್ತು. ಆ ಪ್ರಶ್ನೆ ನನಗೆ ಹೊಳೆಯುವಂಥದ್ದಲ್ಲ. ಸಾಯುವವನ ತುಟಿ ಒದ್ದೆ ಮಾಡಿದ ಕೈಗೇ ಅದು ಗೊತ್ತು. ಸಮಾನ ಅನುಭವ ಇದ್ದವರ ಆಸರೆ ಬೇಕು ಎಂದು ನಾನು ಪಟ್ಟು ಹಿಡಿಯುವುದು ಈ ಕಾರಣಕ್ಕೆ.

ಆಮೇಲೆ ಲೋಕೇಶ ಒಂದು ಮಾತು ತೆಗೆದರು. "ಶಾಂತಿ ಬೇಡ ಅಂದ್ರಿ, ಬಿಟ್ಟೆ ಮೇಡಂ. ಆದ್ರೆ ಏನೂ ಮಾಡ್ದೆ ಇರಕ್ಕೆ ಮನಸ್ಸು ಒಪ್ತಿಲ್ಲ." ಶಿವರಾತ್ರಿಗೆ ಮುಂಚೆ ಧರ್ಮಸ್ಥಳಕ್ಕೆ ನಡೆದು ಹೋಗುವ ಪಾದಯಾತ್ರಿಗಳು ಮೂಡಿಗೆರೆ, ಕೊಟ್ಟಿಗೆಹಾರದ ದಾರಿ ಹಿಡಿದು ಚಾರ್ಮಾಡಿ ಇಳಿಯುತ್ತಾರೆ. ಉದ್ದಕ್ಕೂ ಜನ ನೀರು, ಮಜ್ಜಿಗೆ, ಹಣ್ಣು ಕೊಡುತ್ತಾರೆ. ಅಲ್ಲೊಂದು ಅರವಟ್ಟಿಗೆ ಇಡುವ ಹರಕೆ ಹೊರಲೇ ಎಂದು ಕೇಳಿದರು.

ನಾನು ಕೂಡಲೇ ಹೂಂ ಎನ್ನಲಿಲ್ಲ. ಪ್ರಾಯಶ್ಚಿತ್ತವೆಂದು ಇಟ್ಟರೆ, ತಪ್ಪು ಮಾಡಿದ್ದೆ ಎಂದು ವರ್ಷವರ್ಷವೂ ಒಪ್ಪಿಕೊಂಡಂತೆ. "ನೀರು ಕೊಡದ ಪಾಪಕ್ಕೆ ಅಂತಾದರೆ ಬೇಡ. ಆ ಹುಡುಗನ ನೆನಪಿಗೆ ಅಂತಾದರೆ ಇಡಿ" ಎಂದೆ. ಅಪಘಾತವಾದ ತಿರುವಿನಲ್ಲಿ ಇಡಬಾರದು, ಒಬ್ಬರೇ ನಿಲ್ಲಬಾರದು, ಸಾಲ ಮಾಡಬಾರದು, ಮಾತ್ರೆ ತಪ್ಪಿಸಬಾರದು ಎಂದೂ ಹೇಳಿದೆ.

ಮೂಢನಂಬಿಕೆಗೆ ನೀರೆರೆಯುತ್ತಿದ್ದೀರಿ ಎಂದು ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ಸಿಟ್ಟಾದರು. ಅವರ ಸಿಟ್ಟಿಗೆ ಕಾರಣವಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟುಹೋದರು, 28 ಜನ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ನಮ್ಮ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಹೊಡೆಯುವ, ಕಟ್ಟಿಹಾಕುವ, ಮಾತ್ರೆ ಬಿಡಿಸುವ ಯಾವ ಜಾಗಕ್ಕೂ ಯಾರನ್ನೂ ನಾನು ಕಳಿಸುವುದಿಲ್ಲ. ಆದರೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮನೋವೈದ್ಯರೂ ದರ್ಗಾ ನೋಡಿಕೊಳ್ಳುವ ಮುಜಾವರರೂ ಕೈಜೋಡಿಸಿ ದುವಾ (ಪ್ರಾರ್ಥನೆ) ಜೊತೆಗೆ ದವಾ (ಔಷಧಿ) ಕೊಡುವ ಏರ್ಪಾಡು ಮಾಡಿಕೊಂಡರು. ದೇವರನ್ನು ಬಿಟ್ಟು ಬಾ ಎಂದರೆ ನಮ್ಮ ಜನ ನಮ್ಮನ್ನೇ ಬಿಟ್ಟು ಹೋಗುತ್ತಾರೆ. ಭಜನೆಗೆ ಹೋಗಲಿ, ಚರ್ಚಿಗೆ ಹೋಗಲಿ, ಮಸೀದಿಗೆ ಹೋಗಲಿ. ನಾನು ಕೇಳುವುದು ಇಷ್ಟೇ: ಅಲ್ಲಿಂದ ಬಂದ ಮೇಲೆ ಮನುಷ್ಯನ ಭಯ ಇಳಿದಿದೆಯೋ, ಏರಿದೆಯೋ?

ಮನೆಯವರಿಗೆ ಹೇಳುವುದಿದೆ. ಬೆಚ್ಚಿಬೀಳುವುದು, ಕೆಟ್ಟ ಕನಸು, ಆ ಜಾಗದ ಹೆಸರೆತ್ತಿದರೆ ದೂರ ಸರಿಯುವುದು ತಿಂಗಳು ಕಳೆದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ನಿವೃತ್ತ ಸೈನಿಕರಿಗೆ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. ಸಾಯುವ ಮಾತು ಬಂದರೆ ನಾಳೆಗೆಂದು ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಕನ್ನಡದಲ್ಲೇ ಸಿಗುತ್ತದೆ.

ಜೊತೆಗಾರರಾಗಿ ಕೂರುವವರಿಗೂ ಒಂದು ಮಾತು. ನಿಮ್ಮ ನಿದ್ದೆ ನೆಟ್ಟಗಿದ್ದರೆ ಮಾತ್ರ ಇನ್ನೊಬ್ಬರ ಕಥೆ ಕೇಳಿ. ಯಾರು ಹೆಚ್ಚು ಕಂಡವರು ಎಂಬ ಪೈಪೋಟಿ ಬೇಡ. ಮಿಲಿಟರಿ ಕ್ಯಾಂಟೀನಿನ ಬಾಟಲಿ ಅಲ್ಲಿಗೆ ಬರಕೂಡದು. ಒಳ್ಳೆಯ ಮನಸ್ಸಿನಿಂದ ಶುರುವಾದ ಎಷ್ಟೋ ಕೂಟಗಳು ಕೋಟಾದ ರಮ್ಮಿನಲ್ಲಿ ಮುಳುಗಿದ್ದನ್ನು ನೋಡಿದ್ದೇನೆ.

ಲೋಕೇಶರಿಗೆ ಕನಸು ಪೂರ್ತಿ ನಿಂತಿಲ್ಲ, ಅಪರೂಪವಾಗಿದೆ. ಮಾತ್ರೆ ಮುಂದುವರಿದಿದೆ, ಕಡಿಮೆ ಮಾಡುವುದು ವೈದ್ಯರಿಗೆ ಬಿಟ್ಟದ್ದು. ಅರವಟ್ಟಿಗೆಯಲ್ಲಿ ಹವಾಲ್ದಾರರೂ ಮಜ್ಜಿಗೆ ಕೊಡಲು ನಿಂತಿದ್ದರು. ಇಬ್ಬರೂ ಭಾನುವಾರ ಬೆಳಗ್ಗೆ ಸೇರುವಲ್ಲಿಗೆ ಈಚೆಗೆ ಒಬ್ಬ ಆಂಬುಲೆನ್ಸ್ ಪೈಲಟ್, ಅಂದರೆ ಚಾಲಕ, ಬರುತ್ತಿದ್ದಾನೆ. ಅವನಿನ್ನೂ ಏನನ್ನೂ ಹೇಳಿಕೊಂಡಿಲ್ಲ. ಕೆದಕಬೇಡಿ ಎಂದು ಇಬ್ಬರಿಗೂ ಹೇಳಿದ್ದೇನೆ.