ಎ.ಆರ್. ರಾಜರಾಜ ವರ್ಮರನ್ನು ‘ಕೇರಳ ಪಾಣಿನಿ’ ಅನ್ನುವುದು ಯಾಕೆ? ಕನ್ನಡದವರು ಅವರನ್ನು ಎಲ್ಲಿಂದ ಓದಬೇಕು?

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ‘ಕೇರಳ ಕಾಳಿದಾಸ’ ಇವರಲ್ಲ, ತಾಯಿಯ ಕಡೆಯಿಂದ ಇವರ ಮಾವನಾದ ಕೇರಳ ವರ್ಮ ವಲಿಯ ಕೋಯಿತ್ತಂಬುರಾನ್. ಮಲಯಾಳದ ವ್ಯಾಕರಣಕಾರ ರಾಜರಾಜ ವರ್ಮ 1863ರಲ್ಲಿ ಚಂಗನಾಶ್ಶೇರಿಯಲ್ಲಿ ಹುಟ್ಟಿದವರು. ತಿರುವನಂತಪುರದ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, 1918ರಲ್ಲಿ ಮಾವೇಲಿಕ್ಕರೆಯಲ್ಲಿ ತೀರಿಕೊಂಡರು.

ಬಿರುದು ತಂದದ್ದು ‘ಕೇರಳ ಪಾಣಿನೀಯಂ’ ಎಂಬ ವ್ಯಾಕರಣ. ಮೊದಲು ಬಂದದ್ದು 1896ರಲ್ಲಾದರೂ ಓದಬೇಕಾದ್ದು 1917ರ ಪರಿಷ್ಕೃತ ಪಾಠ. ತಮಿಳಿನಿಂದ ಮಲಯಾಳ ಬೇರೆಯಾದ ಬಗೆಯನ್ನು ಅದರ ಪೀಠಿಕೆ ಆರು ‘ನಯ’ಗಳಲ್ಲಿ, ಅಂದರೆ ಬದಲಾವಣೆಯ ಆರು ನಿಯಮಗಳಲ್ಲಿ, ವಿವರಿಸುತ್ತದೆ. ಹೆಸರು ಕೇಳಿ ಗಾಬರಿಯಾಗಬೇಡಿ, ಒಂದೇ ಕ್ರಿಯಾಪದದಲ್ಲಿ ಎರಡು ನಯ ಕಾಣುತ್ತವೆ. ನಮ್ಮಲ್ಲಿ ‘ಅವನು ಬಂದ, ಅವಳು ಬಂದಳು, ಅವರು ಬಂದರು’. ಮಲಯಾಳದಲ್ಲಿ ಅವನ್, ಅವಳ್, ಅವರ್ ಎಲ್ಲರಿಗೂ ‘ವನ್ನು’. ‘ಂದ’ ಹೋಗಿ ‘ನ್ನ’ ಆದದ್ದು ಅನುನಾಸಿಕಾತಿಪ್ರಸರ, ಅಂದರೆ ಮೂಗಿನ ಧ್ವನಿ ಮುಂದಿನ ವ್ಯಂಜನಕ್ಕೂ ಹರಡುವುದು. ನಮ್ಮ ಗಂಜಿ ಅಲ್ಲಿ ‘ಕಞ್ಞಿ’ ಆಗಿರುವುದೂ ಇದರಿಂದಲೇ. ಯಾರು ಬಂದರೆಂದು ತೋರಿಸುವ ಕೊನೆಯ ಪ್ರತ್ಯಯ ಉದುರಿದ್ದು ಪುರುಷಭೇದನಿರಾಸ.

ಆದರೆ ಇದನ್ನು ಕೊನೆಯ ಮಾತು ಅಂದುಕೊಳ್ಳಬೇಡಿ. ತಮಿಳೇ ಮೂಲ ಎಂಬುದು ಅವರ ಊಹೆಯ ಬುನಾದಿ. ತಮಿಳು, ಮಲಯಾಳ ಎರಡೂ ಒಂದು ಹಳೆಯ ಸಮಾನ ರೂಪದಿಂದ ಕವಲೊಡೆದವು ಎಂದು ನಂತರದ ಹಲವು ವಿದ್ವಾಂಸರು ವಾದಿಸಿದ್ದಾರೆ. ನನ್ನ ಮಟ್ಟಿಗೆ ಆ ಊಹೆ ಅಲುಗಿದರೂ ಅವರು ಗಮನಿಸಿದ ವಿವರ ಅಲುಗಿಲ್ಲ.

ಕವಿಯಾಗಿ ಅವರು ದೊಡ್ಡವರಲ್ಲ. ಕಾವ್ಯಕ್ಕೆ ದಾರಿ ಬಿಡಿಸಿಕೊಟ್ಟವರು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ದ್ವಿತೀಯಾಕ್ಷರ ಪ್ರಾಸ, ಅಂದರೆ ನಮ್ಮ ಆದಿಪ್ರಾಸ, ಬೇಕೇಬೇಕೇ ಎಂದು ಮಾವನಿಗೇ ಎದುರು ನಿಂತರು. ಕವಿಗಳಲ್ಲಿ ಉಳ್ಳೂರ್ ಮಾವನ ಪಕ್ಷ, ಕೆ.ಸಿ. ಕೇಶವ ಪಿಳ್ಳೆ ಅಳಿಯನ ಪಕ್ಷ. ಪಿಳ್ಳೆ ಪ್ರಾಸ ಬಿಟ್ಟು ಇಡೀ ಮಹಾಕಾವ್ಯವನ್ನೇ ಬರೆದರು. ಮಂಜೇಶ್ವರದಲ್ಲಿ ಗೋವಿಂದ ಪೈಗಳು ಕನ್ನಡದಲ್ಲಿ ಇದೇ ಪ್ರಾಸ ಕೈಬಿಟ್ಟದ್ದು 1911ರಲ್ಲಿ. ಅದೇ ವರ್ಷ ಕವಿ ಕುಮಾರನ್ ಆಶಾನರ ‘ನಳಿನಿ’ ಕಾವ್ಯಕ್ಕೆ ರಾಜರಾಜ ವರ್ಮ ಮುನ್ನುಡಿ ಬರೆದರು. ಅವರು ತೀರಿಕೊಂಡಾಗ ‘ಪ್ರರೋದನಂ’ ಎಂಬ ಶೋಕಗೀತೆ ಬರೆದವರೂ ಆಶಾನರೇ.

ಮಲಯಾಳ ಲಿಪಿ ಕಲಿತ ಮೇಲೆ ಅವರ ಛಂದಸ್ಸಿನ ಪುಸ್ತಕ ‘ವೃತ್ತಮಂಜರಿ’ಯಿಂದ ಶುರುಮಾಡಿ. ವೃತ್ತದ ನಿಯಮ ಹೇಳುವ ಬಹುಪಾಲು ಲಕ್ಷಣಪದ್ಯಗಳು ಆಯಾ ವೃತ್ತದಲ್ಲೇ ಇವೆ, ಬಾಯಿಪಾಠ ಮಾಡಿದರೆ ಉದಾಹರಣೆಯೂ ಕೂಡಿಯೇ ಬರುತ್ತದೆ. ಅಲಂಕಾರಕ್ಕೆ ‘ಭಾಷಾಭೂಷಣಂ’. ವ್ಯಾಕರಣದ ಸೂತ್ರಗಳಿಗೆ ಕೈಹಾಕುವ ಮೊದಲು ಪೀಠಿಕೆಯಷ್ಟನ್ನೇ ಓದಿ.