ಯಕ್ಷಗಾನ ಕಲಾವಿದರನ್ನು ಅವರ ಬದುಕಿನ ಬಗ್ಗೆ ಮಾತನಾಡಿಸುವುದು ಹೇಗೆ?

ನೀವೂ ನಿಮ್ಮ ಗೆಳತಿಯೂ ಸೇರಿ ಕರಾವಳಿಯ ಯಕ್ಷಗಾನ ಕಲಾವಿದರ ಬದುಕು, ಗುರುತು ಮತ್ತು ದುಡಿಮೆಯ ಬಗ್ಗೆ ಧ್ವನಿಮುದ್ರಿತ ಮಾತುಕತೆಗಳ ಸರಣಿಯೊಂದನ್ನು ಮಾಡಲು ಹೊರಟಿದ್ದೀರಿ. ಮೊದಲ ಸಂದರ್ಶನಗಳಲ್ಲಿ "ಕಲೆ ಎಂದರೆ ನಿಮಗೇನು" ಎಂದು ಕೇಳಿದಾಗ ಸೊಗಸಾದ ಉತ್ತರ ಬಂತು, ಆದರೆ ಆ ಉತ್ತರ ಯಾರದ್ದೂ ಆಗಬಹುದಿತ್ತು ಎಂದು ಬರೆದಿದ್ದೀರಿ. ಕಲಾವಿದರಿಗೆ ಹಣ ಕೊಡಬೇಕೇ ಎಂದೂ ಕೇಳಿದ್ದೀರಿ. ನಾನೂ ನನ್ನ ಸ್ನೇಹಿತರೊಬ್ಬರೂ ಉಡುಪಿ ಮತ್ತು ದಕ್ಷಿಣ ಕನ್ನಡದಲ್ಲಿ ಬಿಡುವಾದಾಗಲೆಲ್ಲ ಇದೇ ಕೆಲಸ ಮಾಡುತ್ತಿರುವುದರಿಂದ, ನಮಗೆ ಕಂಡದ್ದನ್ನು ಹೇಳುತ್ತೇನೆ.

ನೀವು ಮಾತನಾಡಿಸುತ್ತಿರುವುದು ಮಾತನ್ನೇ ಕಸುಬಾಗಿಸಿಕೊಂಡವರನ್ನು. ಹಾಡುಗಾರರಾದ ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ, ಬರೆದಿಟ್ಟ ಸಂಭಾಷಣೆಯ ನೆರವಿಲ್ಲದೆ, ಎದುರು ಪಾತ್ರಧಾರಿಯ ಮಾತಿಗೆ ತಕ್ಕಂತೆ ಅಲ್ಲಿಯೇ ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಕಟ್ಟುತ್ತ ಹೋಗುವ ಅಭ್ಯಾಸ ಅವರದು. ಕುಂಬಳೆ ಸುಂದರ ರಾಯರಂಥ ಅರ್ಥಧಾರಿ 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೇ ಆರಿಸಿ ಹೋದರೆಂದರೆ ಈ ನೆಲದಲ್ಲಿ ಆ ಮಾತಿಗೆ ಎಷ್ಟು ಗೌರವವಿದೆಯೆಂದು ಊಹಿಸಿಕೊಳ್ಳಿ. ಮೇಳದ, ಅಂದರೆ ಯಕ್ಷಗಾನ ತಂಡದ, ಜೊತೆ ವರ್ಷವರ್ಷವೂ ಊರೂರು ಸುತ್ತುವ ಹತ್ತಾರು ತಿರುಗಾಟಗಳಲ್ಲಿ ಭೀಷ್ಮನಾಗಿ, ಕರ್ಣನಾಗಿ ಬದುಕು-ಸಾವುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡಿದವರ ಮುಂದೆ ನೀವು ಬದುಕೆಂದರೇನು ಎಂದು ಕೇಳಿದರೆ, ಅವರು ಅದಕ್ಕೊಂದು ಪೀಠಿಕೆ ಹಾಕಿ ರಂಗಸ್ಥಳದ ಕನ್ನಡದಲ್ಲಿಯೇ ಉತ್ತರಿಸುತ್ತಾರೆ. ಅವರು ಏನನ್ನೂ ಮುಚ್ಚಿಡುತ್ತಿಲ್ಲ, ದೊಡ್ಡ ಪ್ರಶ್ನೆಗೆ ದೊಡ್ಡ ಉತ್ತರ ಕೊಡುವುದು ಅವರ ವೃತ್ತಿಧರ್ಮ. ಆದ್ದರಿಂದ ಅರ್ಥ ಹೇಳಲು ಎಡೆಯಿಲ್ಲದಷ್ಟು ಸಣ್ಣ ಪ್ರಶ್ನೆಗಳನ್ನು ಕೇಳಬೇಕು: ಪೆಟ್ಟಿಗೆ, ಬಣ್ಣ, ನಿದ್ದೆ, ಸಂಬಳ, ಕುಳಿತ ಜಾಗ.

ನಮಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ಪ್ರಶ್ನೆಯೆಂದರೆ, "ಮೊದಲ ತಿರುಗಾಟದಲ್ಲಿ ಚೌಕಿಯಲ್ಲಿ ನಿಮ್ಮನ್ನು ಎಲ್ಲಿ ಕೂರಿಸಿದ್ದರು, ಈಗ ಎಲ್ಲಿ ಕೂರುತ್ತೀರಿ?" ಎಂಬುದು. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಮೇಳದ ದೇವರನ್ನಿಟ್ಟು, ಎರಡೂ ಬದಿಯಲ್ಲಿ ಕಲಾವಿದರು ತಮ್ಮ ತಮ್ಮ ಪೆಟ್ಟಿಗೆ ಮತ್ತು ಕನ್ನಡಿಯೆದುರು ಸಾಲಾಗಿ ಕುಳಿತು ಬಣ್ಣ ಹಚ್ಚಿಕೊಳ್ಳುವುದನ್ನು ನೀವು ನೋಡಿರಬಹುದು. ಯಾರು ಎಲ್ಲಿ ಕೂರಬೇಕೆಂಬುದು ವೇಷದ ದರ್ಜೆಗೆ ತಕ್ಕಂತೆ ನಿಗದಿಯಾಗಿರುತ್ತದೆ. ಕೋಡಂಗಿ, ಬಾಲಗೋಪಾಲ, ಪೀಠಿಕಾ ಸ್ತ್ರೀವೇಷಗಳಂಥ ಆರಂಭದ ವೇಷಗಳಿಂದ ಹೊರಟ ಹುಡುಗ ಚುರುಕಿನ ತರುಣ ಪಾತ್ರಗಳ ಪುಂಡುವೇಷಕ್ಕೋ ರಾಜರ ಕಿರೀಟವೇಷಕ್ಕೋ ಬರುವ ಹೊತ್ತಿಗೆ ಅವನ ಪೆಟ್ಟಿಗೆಯೂ ಸಾಲಿನಲ್ಲಿ ಜಾಗ ಬದಲಿಸಿರುತ್ತದೆ. ರಾಕ್ಷಸ ಪಾತ್ರಗಳ ಬಣ್ಣದ ವೇಷ ಹಾಕುವ ಹಿರಿಯರೊಬ್ಬರು ಈ ಒಂದೇ ಪ್ರಶ್ನೆಗೆ ಇಡೀ ಮಧ್ಯಾಹ್ನ ಮಾತನಾಡಿದರು. ಅಕ್ಕಿಹಿಟ್ಟಿಗೆ ಸುಣ್ಣ ಬೆರೆಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚುಟ್ಟಿ ಇಡುವಾಗ ತುಟಿ ಅಲುಗಿಸಲಾಗದೆ ಗಂಟೆಗಟ್ಟಲೆ ಮೌನವಾಗಿ ಕೂರಬೇಕಾಗಿದ್ದುದನ್ನೂ, ಆ ಹೊತ್ತಿನಲ್ಲಿ ಪಕ್ಕದವರು ಆಡಿಕೊಳ್ಳುತ್ತಿದ್ದ ಮೇಳದ ಸುದ್ದಿಗಳೆಲ್ಲ ಕಿವಿಗೆ ಬಿದ್ದರೂ ಒಂದಕ್ಕೂ ಉತ್ತರ ಕೊಡಲಾಗದ ಸಂಕಟವನ್ನೂ, ಬೆಳಗಿನ ಜಾವ ತೆಂಗಿನೆಣ್ಣೆ ಹಚ್ಚಿ ಒರೆಸಿದ ಮೇಲೆಯೂ ಉಳಿಯುತ್ತಿದ್ದ ಕೆನ್ನೆಯ ಉರಿಯನ್ನೂ ವಿವರಿಸಿದರು. ಇಂಗಳೀಕ, ಅರದಾಳದಂಥ ಬಣ್ಣದ ಖನಿಜಗಳನ್ನು ಅರೆದು ಬಣ್ಣ ಮಾಡಿಕೊಳ್ಳುತ್ತಿದ್ದ ಕಾಲವನ್ನು ಕಂಡವರು ಅವರು. ಗುರುತಿನ ಬಗ್ಗೆ ನಾವೇನೂ ಕೇಳಿರಲಿಲ್ಲ; ಆದರೆ ದೇವರ ಹತ್ತಿರದ ಸಾಲಿಗೆ ಬರಲು ಎಷ್ಟು ವರ್ಷ ಹಿಡಿಯಿತು, ಯಾರು ಬೇಗ ಬಂದರು, ಯಾಕೆ ಬಂದರು ಎಂದು ಹೇಳುತ್ತ ಹೋದಂತೆ ಜಾತಿಯ ಮಾತೂ ಊಟದ ಪಂಕ್ತಿಯ ಮಾತೂ ತಾವಾಗಿಯೇ ಬಂದವು. ಜಾತಿಯನ್ನು ನೇರವಾಗಿ ಕೇಳಿದ್ದರೆ "ಕಲೆಗೆ ಜಾತಿಯಿಲ್ಲ" ಎಂಬ ಉತ್ತರದಲ್ಲಿ ಮಾತು ಮುಗಿಯುತ್ತಿತ್ತು.

ದುಡಿಮೆಯ ಬಗ್ಗೆ ಕೇಳುವಾಗ ಪಂಚಾಂಗವನ್ನು ಎದುರಿಗಿಟ್ಟುಕೊಳ್ಳಿ. ದೀಪಾವಳಿಯ ನಂತರ ಹೊರಟ ಮೇಳ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯೆಂಬ ತುಳುವರ ದಿನಕ್ಕೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತದೆ; ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಭಕ್ತರ ಹರಕೆಗೆ ಆಟ ಆಡುವ ಮೇಳಗಳ ಲೆಕ್ಕಾಚಾರ ಬೇರೆ, ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳದು ಬೇರೆ. ಉಳಿದ ತಿಂಗಳುಗಳಲ್ಲಿ ಏನು ಮಾಡುತ್ತೀರಿ ಎಂಬ ಪ್ರಶ್ನೆಯಲ್ಲಿಯೇ ಅರ್ಧ ಬದುಕಿದೆ: ಒಬ್ಬರು ಚಿಕ್ಕಮೇಳವೆಂಬ ಸಣ್ಣ ತಂಡ ಕಟ್ಟಿಕೊಂಡು ಮಳೆಯಲ್ಲಿ ಮನೆಮನೆಗೆ ಹೋಗುತ್ತಾರೆ, ಇನ್ನೊಬ್ಬರು ಮುಂಬೈ ಅಥವಾ ಬೆಂಗಳೂರಿನ ಆಟಗಳಿಗೆ ರೈಲು ಹತ್ತುತ್ತಾರೆ, ಮತ್ತೊಬ್ಬರು ಗದ್ದೆಗಿಳಿಯುತ್ತಾರೆ, ಅಡುಗೆಯವರ ಜೊತೆ ಮದುವೆ ಮನೆಗಳಿಗೆ ಹೋಗುವವರೂ ಇದ್ದಾರೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗಿನ ಧ್ವನಿವರ್ಧಕದ ನಿರ್ಬಂಧವೂ ಪ್ರೇಕ್ಷಕರ ಅನುಕೂಲವೂ ಸೇರಿ ಹಲವು ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ನಡುರಾತ್ರಿಯೊಳಗೆ ಮುಗಿಸುವ ಕಾಲಮಿತಿಗೆ ಹೊರಳಿದ ಮೇಲೆ ನಿದ್ದೆ, ಊಟ, ಮನೆಗೆ ಮರಳುವ ಹೊತ್ತು ಎಲ್ಲವೂ ಬದಲಾಗಿವೆ. ಕಾಲಮಿತಿ ಒಳ್ಳೆಯದೋ ಕೆಟ್ಟದ್ದೋ ಎಂದು ಮಾತ್ರ ಕೇಳಬೇಡಿ, ಆ ಚರ್ಚೆಯನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಆಟ ಮುಗಿದ ಮೇಲೆ ಈಗ ಮನೆಗೆ ಹೇಗೆ ಹೋಗುತ್ತೀರಿ ಎಂದು ಕೇಳಿ. ಮೊದಲಾದರೆ ಬೆಳಗ್ಗೆ ಮೊದಲ ಬಸ್ಸಿತ್ತು; ನಡುರಾತ್ರಿ ಆಟ ಮುಗಿದರೆ ನಿದ್ದೆಗಣ್ಣಿನಲ್ಲಿ ಬೈಕು ಓಡಿಸಬೇಕು. ಇದನ್ನು ನಮಗೆ ಹೇಳಿದ್ದು ಕಿರಿಯ ಕಲಾವಿದರು.

ಹೆಣ್ಣು ಪಾತ್ರ ಮಾಡುವ ಗಂಡಸರ, ಅಂದರೆ ಸ್ತ್ರೀವೇಷಧಾರಿಗಳ, ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಹೊರಗಿನಿಂದ ಬಂದವರು ಕೂಡಲೇ ಲಿಂಗತ್ವದ ಪ್ರಶ್ನೆಗೆ ಹಾರುತ್ತಾರೆ. ಟ್ರಾನ್ಸ್‌ಜೆಂಡರ್ ಮಹಿಳೆಯೂ ಜೋಗತಿ ಕಲಾವಿದೆಯೂ ಆಗಿದ್ದು ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿಯವರ ಬದುಕಿನಲ್ಲಿ ಕಲೆಯೂ ಲಿಂಗತ್ವವೂ ಹೆಣೆದುಕೊಂಡಿರುವ ಬಗೆಯನ್ನು ತಂದು ಮೇಳದ ಸ್ತ್ರೀವೇಷಧಾರಿಗೆ ಅಂಟಿಸುವುದು ಇಬ್ಬರಿಗೂ ಅನ್ಯಾಯ. ನಮ್ಮ ಸ್ನೇಹಿತರು ಒಬ್ಬ ಹಿರಿಯರನ್ನು ಕೇಳಿದ್ದು, "ಆಗ ಕೂದಲು ಬಿಟ್ಟಿದ್ದಿರಾ ಅಣ್ಣ, ಚೌರಿ ಕಟ್ಟುತ್ತಿದ್ದಿರಾ?" ಎಂದಷ್ಟೆ. ಕೂದಲು ಬಿಟ್ಟಿದ್ದೆ, ಮಗಳ ಶಾಲೆಗೆ ಹೋಗುವಾಗ ಅದನ್ನು ಕಟ್ಟಿ ಮೇಲೊಂದು ಮುಂಡಾಸು ಸುತ್ತಿಕೊಳ್ಳುತ್ತಿದ್ದೆ, ಮಾಸ್ತರರು ಜ್ವರವೇ ಎಂದು ವಿಚಾರಿಸುತ್ತಿದ್ದರು ಎಂದು ಅವರು ನಕ್ಕರು. ಒಳಗಿನಿಂದ ಅವರ ಹೆಂಡತಿ, "ಆಗ ನಮಗೆ ನಗು ಬರ್ತಿರ್ಲಿಲ್ಲ ಮಾರಾಯ್ರೆ" ಎಂದರು. ಅಲ್ಲಿಂದ ಮುಂದಿನ ಮಾತೆಲ್ಲ ಹೆಂಡತಿಯದೇ: ವರ್ಷದ ಆರು ತಿಂಗಳು ಮನೆ ನಡೆಸಿದ್ದು, ಮಳೆಗಾಲದಲ್ಲಿ ಮುಂಗಡವೆಂದು ತಂದ ಹಣ ಮುಂದಿನ ತಿರುಗಾಟದ ಸಂಬಳದಲ್ಲಿ ಕಡಿತವಾಗುತ್ತ ಹೋಗಿದ್ದು, ಹಗಲಿಡೀ ಮಲಗುವ ಗಂಡನ ಬಗ್ಗೆ ನೆರೆಯವರು ಆಡಿದ್ದು. ಮನೆಯವರನ್ನು ಬೇರೆಯಾಗಿಯೇ ಮಾತನಾಡಿಸಿ. ಲೆಕ್ಕ ಅವರ ಬಳಿ ಇರುತ್ತದೆ.

ಕೋಳ್ಯೂರು, ಚಿಟ್ಟಾಣಿ, ಕೆರೆಮನೆ ಎಂದು ಊರು ಅಥವಾ ಮನೆತನವೇ ಹೆಸರಿನ ಮುಂದೆ ನಿಂತು, 2012ರಲ್ಲಿ ಪದ್ಮಶ್ರೀ ಪಡೆದ ರಾಮಚಂದ್ರ ಹೆಗಡೆಯವರು ಜನರ ಬಾಯಲ್ಲಿ ಬರೀ ಚಿಟ್ಟಾಣಿಯೇ ಆಗಿ ಉಳಿದಂತೆ, ನಿಮ್ಮೆದುರಿನ ಕಲಾವಿದರಿಗೂ ಊರವರು ಕೊಟ್ಟ ಹೆಸರೊಂದು ಇರುತ್ತದೆ. ಅದು ಯಾವಾಗ, ಯಾರಿಂದ ಬಂತೆಂದು ಕೇಳಬಹುದು. ಮಹಿಳಾ ಕಲಾವಿದರನ್ನು ಮಾತನಾಡಿಸುವಾಗ ನಿಮ್ಮ ಗೆಳತಿ ಮುಂದಾಗಲಿ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ವೃತ್ತಿಪರ ಮೇಳದಲ್ಲಿ ಹಾಡಿದ ಮೊದಲ ಮಹಿಳಾ ಭಾಗವತರೆಂದು ಹೆಸರಾದ ಲೀಲಾವತಿ ಬೈಪಾಡಿತ್ತಾಯರ ನಂತರ ಪದ್ಯ ಹೇಳುವ ಹುಡುಗಿಯರು ಹೆಚ್ಚಿದ್ದಾರೆ. ಆದರೆ ರಾತ್ರಿ ಪ್ರಯಾಣ, ಬಟ್ಟೆ ಬದಲಿಸುವ ಜಾಗ ಇವುಗಳ ಬಗ್ಗೆ ಅವರು ಗಂಡಸಿನೆದುರು ಅಷ್ಟು ಬಿಚ್ಚಿ ಹೇಳುವುದಿಲ್ಲ.

ಇಬ್ಬರು ಹೋಗುವುದರ ಲಾಭ ಇರುವುದೇ ಇಂಥ ಕಡೆ. ನಮ್ಮಲ್ಲಿ ಸ್ನೇಹಿತರಿಗೆ ಪ್ರಸಂಗಗಳೆಲ್ಲ ಕಂಠಸ್ಥ, ನನಗೆ ತಾಳವೂ ಸರಿಯಾಗಿ ತಿಳಿಯದು. ಬಲ್ಲವರಿದ್ದಾರೆಂಬ ಧೈರ್ಯದಿಂದ ಕಲಾವಿದರು ಸೂಕ್ಷ್ಮಗಳಿಗೆ ಇಳಿಯುತ್ತಾರೆ, ತಿಳಿಯದವನಿದ್ದಾನೆಂದು ಅದನ್ನೇ ಮತ್ತೆ ಬಿಡಿಸಿಯೂ ಹೇಳುತ್ತಾರೆ. ಮನೆಮಾತು ತುಳುವಾದರೆ ತುಳುವಿನಲ್ಲಿ, ಕುಂದಾಪುರದ ಕಡೆಯವರಾದರೆ ಅವರ ಕನ್ನಡದಲ್ಲಿ ಮಾತು ಶುರುಮಾಡಿ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅವರು ಮತ್ತೆ ರಂಗಸ್ಥಳ ಹತ್ತುತ್ತಾರೆ. ತಿರುಗಾಟದ ದಿನಗಳಲ್ಲಿ ಬೆಳಗ್ಗೆ ಫೋನು ಮಾಡಬೇಡಿ, ಅದು ಅವರ ನಿದ್ದೆಯ ಹೊತ್ತು. ಚೌಕಿಗೆ ಹೋದರೆ ಚಪ್ಪಲಿ ಹೊರಗೆ ಬಿಟ್ಟು, ನೋಡಿ ಬನ್ನಿ, ರೆಕಾರ್ಡರ್ ತೆಗೆಯಬೇಡಿ. ಪತ್ತನಾಜೆಯ ನಂತರ ಮನೆಯಲ್ಲಿ ಸಿಗುವ ಮಧ್ಯಾಹ್ನಗಳೇ ಒಳ್ಳೆಯವು, ಜೂನ್ ತಿಂಗಳ ಮಳೆ ತಗಡಿನ ಮಾಡಿಗೆ ಬಡಿಯುವ ಸದ್ದಿನಲ್ಲಿ ಅರ್ಧ ಮಾತು ಕೊಚ್ಚಿಹೋಗುತ್ತದೆಂಬುದನ್ನು ಬಿಟ್ಟರೆ. ಒಳಕೋಣೆಯಲ್ಲಿ ಕೂತು, ಮೈಕನ್ನು ಅಂಗಿಗೇ ಸಿಕ್ಕಿಸುವುದು ಲೇಸು.

ಮೇಳದ ಯಜಮಾನರ ಬಗ್ಗೆ, ಸಹಕಲಾವಿದರ ಬಗ್ಗೆ ಆಡಿದ ಮಾತು ಹೊರಬಿದ್ದರೆ ಮುಂದಿನ ತಿರುಗಾಟದಲ್ಲಿ ಅವರ ಜಾಗಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಪ್ರಕಟಿಸುವ ಮೊದಲು ಇಡೀ ಧ್ವನಿಮುದ್ರಿಕೆಯನ್ನು ಅವರಿಗೂ ಮನೆಯವರಿಗೂ ಕೇಳಿಸಿ, ಬೇಡವೆಂದದ್ದನ್ನು ವಾದಿಸದೆ ತೆಗೆಯಿರಿ. ಕತ್ತರಿಸದ ಮೂಲ ಪ್ರತಿಯನ್ನು, ಅವರ ಒಪ್ಪಿಗೆಯಿದ್ದರೆ, ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಸಂಸ್ಥೆಯವರ ಬಳಿ ಮಾತನಾಡಿ ಕಾಪಿಡಲು ಪ್ರಯತ್ನಿಸಬಹುದು.

ಹಣ ಕೊಡಬೇಕೇ ಎಂಬುದಕ್ಕೆ ನನ್ನ ಉತ್ತರ ಹೌದು ಎಂದೇ. ಮಾತು ಅವರ ಕಸುಬು, ಅರ್ಧ ದಿನ ಮಾತನಾಡಿಸಿದರೆ ಅದು ಅರ್ಧ ದಿನದ ಕೆಲಸ. ಮೊತ್ತವನ್ನು ಮೊದಲೇ ಮಾತನಾಡಿಕೊಳ್ಳಿ, ಕಡಿಮೆಯಾದರೆ ಕಡಿಮೆಯೆಂದೇ ಹೇಳಿ, ಮಾತು ಶುರುವಾಗುವ ಮೊದಲೇ ವೀಳ್ಯದೆಲೆ, ಅಡಿಕೆಯ ಜೊತೆ ಲಕೋಟೆಯನ್ನು ಕೈಗಿಡಿ. ಕೆಲವರು ಅದನ್ನು ಹಿಂದಿರುಗಿಸುತ್ತಾರೆ, ಆಗ ಒತ್ತಾಯ ಮಾಡಬೇಡಿ.